ಶಾಂತಿಯನ್ನರಸಿದ ಪಂಡಿತಾ ರಮಾಬಾಯಿ

ಮುಂಬಯಿಯ ಚೌಪಾಟಿಯನ್ನು ನೋಡದ ವಿದ್ಯಾರ್ಥಿಯು ನಮ್ಮ ಶಾಲೆಯಲ್ಲಿ ಇರಲಾರನು. ಆದರೆ 1889ರ ಮಾರ್ಚ್ ತಿಂಗಳಿನಲ್ಲಿ ಆ ಚೌಪಾಟಿಯಲ್ಲಿಯೇ ವಿಧವೆಯರ ವಿದ್ಯಾಭ್ಯಾಸಕ್ಕಾಗಿ ‘ಶಾರದಾ ಸದನ’ವು ಪ್ರಾರಂಭವಾಯಿತೆಂಬುದನ್ನು ಬಲ್ಲವರು ವಿರಳ. ಅದರ ಸ್ಥಾಪಕರಾದ ಪಂಡಿತಾ ರಮಾಬಾಯಿಯವರ ಮನೆಮಾತು ಮರಾಠಿ. ಅವರು ಜನಿಸಿದ್ದು ಮಾತ್ರ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ, 1858ರ ಏಪ್ರಿಲ್ 23ರಂದು. ಅವರು ಕನ್ನಡವನ್ನೂ ಬಲ್ಲವರಾಗಿದ್ದರು.

ತಂದೆ ಅನಂತಶಾಸ್ತ್ರಿ ಡೋಂಗರೆಯವರು ಪತ್ನಿಗೆ ಸಂಸ್ಕೃತವನ್ನು ಕಲಿಸಿ ಸ್ವಜನರ ವಿರೋಧವನ್ನು ಕಟ್ಟಿಕೊಂಡವರು. ಹಾಗೆ ಕಲಿತ ತಾಯಿ ಲಕ್ಷ್ಮೀಬಾಯಿಯವರೇ ಮಗಳಿಗೆ ಗುರುವಾದರು. ಕುಟುಂಬವು ಪುರಾಣವನ್ನು ಹೇಳುತ್ತ, ವ್ರತದಾನಗಳಿಗೆ ಇದ್ದುದನ್ನೆಲ್ಲ ವೆಚ್ಚಮಾಡುತ್ತ, ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯಿತು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಕೊಂಡರು. ಉಳಿದ ಅಣ್ಣ ತಂಗಿಯರು ಕಾಲ್ನಡಿಗೆಯಿಂದ ದೇಶವನ್ನು ಸುತ್ತಿ, 1878ರಲ್ಲಿ ಕಲಕತ್ತೆಯನ್ನು ಸೇರಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತು ವರ್ಷದ ಆ ತರುಣಿಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತು ಗೌರವಿಸಿದರು. ಆದರೆ ಬಿರುದಿನಿಂದ ದುಃಖವು ನೀಗೀತೆ? 1880ರಲ್ಲಿ ಅಣ್ಣನು ಮಡಿದನು. ಅದೇ ವರ್ಷ ಕೈಹಿಡಿದ ಪತಿ ಬಿಪಿನ್ ಬಿಹಾರಿಯವರು 1882ರಲ್ಲಿ ಕಾಲರಾಕ್ಕೆ ತುತ್ತಾದರು. ಕೈಯಲ್ಲಿ ಹಸುಗೂಸು ಮನೋರಮೆ. ಮನಸ್ಸಿನಲ್ಲಿ ಶಾಸ್ತ್ರಗಳಾವುವೂ ತಣಿಸದ ಬೇಗೆ.

1883ರಲ್ಲಿ ಅವರು ವೈದ್ಯವಿದ್ಯೆಯ ಹಂಬಲದಿಂದ ಇಂಗ್ಲೆಂಡಿಗೆ ತೆರಳಿದರು. ಕಿವಿ ಮಂದವಾದುದರಿಂದ ಆ ಹಂಬಲವು ಕೈಗೂಡಲಿಲ್ಲ. ಆದರೆ ಲಂಡನ್ನಿನ ಫುಲಮ್ ಎಂಬಲ್ಲಿ ಕಂಡ ಒಂದು ನೋಟವು ಅವರ ಬಾಳನ್ನೇ ತಿರುಗಿಸಿತು. ಸಮಾಜವು ಪತಿತೆಯರೆಂದು ತಳ್ಳಿದ ಸ್ತ್ರೀಯರನ್ನು ಕ್ರೈಸ್ತ ಸನ್ಯಾಸಿನಿಯರು ಒಡಹುಟ್ಟಿದವರಂತೆ ಉಪಚರಿಸುತ್ತಿದ್ದರು. ಇದಕ್ಕೆ ಕಾರಣವೇನೆಂದು ವಿಚಾರಿಸಿದಾಗ, ಏಸುಕ್ರಿಸ್ತನು ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ಕಥೆಯನ್ನು ಅವರಿಗೆ ಹೇಳಲಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ವಾಂಟೇಜಿನಲ್ಲಿ ದೀಕ್ಷಾಸ್ನಾನವನ್ನು ಪಡೆದರು.

ಶಾಂತಿಯು ಆಗಲೇ ದೊರೆಯಿತೆಂದು ನಾವು ಊಹಿಸಬಹುದು. ಹಾಗಲ್ಲ. ತಾವು ಪಡೆದುದು ಒಂದು ಧರ್ಮವನ್ನೇ ಹೊರತು ಕ್ರಿಸ್ತನನ್ನಲ್ಲವೆಂದು ಅವರಿಗೆ ಮುಂದೆ ತೋರಿತು. ಹ್ಯಾಸ್ಲಮ್ ಎಂಬ ಪಾದ್ರಿಯ ಆತ್ಮಚರಿತ್ರೆಯು ಅವರನ್ನು ಮತ್ತಷ್ಟು ಚಿಂತೆಗೀಡುಮಾಡಿತು. ಪರರಿಗೆ ಬೋಧಿಸುತ್ತಿದ್ದ ಆ ಪಾದ್ರಿಯೂ ಬಹುಕಾಲ ಒಳಗೆ ಬರಿದಾಗಿದ್ದವನು. ಕೊನೆಗೆ 1891ರಲ್ಲಿ, ಕೃಪೆಯು ತಪಸ್ಸಿನಿಂದಾಗಲಿ ಪಾಂಡಿತ್ಯದಿಂದಾಗಲಿ ಗಳಿಸುವ ವಸ್ತುವಲ್ಲ, ಸುಮ್ಮನೆ ಕೈನೀಡಿ ಸ್ವೀಕರಿಸತಕ್ಕ ದಾನವೆಂಬ ಅರಿವು ಅವರಲ್ಲಿ ಮೂಡಿತು. ಮನಸ್ಸು ನೆಲೆಗೊಂಡಿತು.

ಆ ಶಾಂತಿಗೆ ತೆತ್ತ ಬೆಲೆಯನ್ನೂ ನಾವು ಮುಚ್ಚಿಡುವಂತಿಲ್ಲ. ಶಾರದಾ ಸದನವು ಆ ವೇಳೆಗೆ ಪುಣೆಗೆ ಬಂದಿತ್ತು. ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಗೆ ಸೇರತೊಡಗಿದಾಗ ಊರಿನಲ್ಲಿ ಕೋಲಾಹಲವೆದ್ದಿತು. ಧರ್ಮದ ವಿಷಯದಲ್ಲಿ ತಟಸ್ಥವೆಂದು ನಂಬಿ ನೆರವಾಗಿದ್ದ ರಾನಡೆ, ಭಾಂಡಾರ್ಕರ್ ಮೊದಲಾದ ಹಿರಿಯರು 1893ರಲ್ಲಿ ಸಲಹಾ ಮಂಡಲಿಯಿಂದ ಹಿಂದೆ ಸರಿದರು. ಅನೇಕ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಎರಡು ಪಕ್ಷಗಳಲ್ಲಿಯೂ ಪ್ರಾಮಾಣಿಕರಿದ್ದರೆಂಬುದೇ ಆ ಪ್ರಸಂಗದ ನೋವು.

ರಮಾಬಾಯಿಯವರು ಕುಗ್ಗಲಿಲ್ಲ. 1896-97ರಲ್ಲಿ ಮಧ್ಯಪ್ರಾಂತವನ್ನು ಕ್ಷಾಮವು ಕಾಡಿದಾಗ, ತಮ್ಮ ಹಸಿವಿನ ದಿನಗಳನ್ನು ನೆನೆದು ಅಲ್ಲಿಗೆ ಧಾವಿಸಿದರು. ಸುಮಾರು 300 ಮಂದಿ ಅನಾಥ ಬಾಲೆಯರನ್ನು ಕರೆತಂದರು. ಪ್ಲೇಗಿನ ನಿರ್ಬಂಧಗಳಿಂದಾಗಿ ಪುಣೆಯಲ್ಲಿ ಅವರಿಗೆ ನೆಲೆಯಿಲ್ಲ. ದೌಂಡಿನ ರೈಲುಮಾರ್ಗದಲ್ಲಿರುವ ಕೇಡಗಾಂವದಲ್ಲಿ, ತಾವು ಹಿಂದೆಯೇ ಕೊಂಡಿದ್ದ ಹೊಲದಲ್ಲಿ ಅವರಿಗೆ ಆಶ್ರಯವನ್ನು ಕಲ್ಪಿಸಿದರು. ಅದೇ ‘ಮುಕ್ತಿ’. 1900ರ ವೇಳೆಗೆ ಅಲ್ಲಿ ಸುಮಾರು 1,500 ಮಂದಿ ಅನ್ನ, ಅಕ್ಷರ, ಕಸುಬುಗಳನ್ನು ಪಡೆಯುತ್ತಿದ್ದರು. ಮನೋರಮೆಯು ಕುರುಡು ಹುಡುಗಿಯರಿಗೆ ಬ್ರೈಲ್ ಲಿಪಿಯನ್ನು ಕಲಿಸಿದಳು. ಮುಂದೆ ಗುಲ್ಬರ್ಗದಲ್ಲಿಯೂ ಶಾಲೆಯನ್ನು ನಡೆಸಿದಳು. ಪತಿತೆಯರೆನಿಸಿದವರಿಗಾಗಿ ಮುಕ್ತಿಯಲ್ಲಿ ಕಟ್ಟಿದ ಮನೆಗೆ ‘ಕೃಪಾ ಸದನ’ವೆಂದೇ ಹೆಸರು. ಫುಲಮ್ಮಿನಲ್ಲಿ ಕಂಡುದು ಇಲ್ಲಿ ಮನೆಯಾಗಿ ನಿಂತಿತು.

ಹಿಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವಂತಹ ಮರಾಠಿಯಲ್ಲಿ ಅವರು ಬೈಬಲನ್ನು ಅನುವಾದಿಸಿದರು. ಮುಕ್ತಿಯ ಮುದ್ರಣಾಲಯದಲ್ಲಿ ಸ್ತ್ರೀಯರೇ ಅಚ್ಚಿನ ಮೊಳೆಗಳನ್ನು ಜೋಡಿಸಿದರು. 1921ರಲ್ಲಿ ಮನೋರಮೆಯು ತಾಯಿಗಿಂತ ಮೊದಲೇ ತೀರಿಕೊಂಡಳು. ಆ ಶೋಕದ ನಡುವೆಯೂ ಕೆಲಸವು ನಿಲ್ಲಲಿಲ್ಲ. 1922ರ ಏಪ್ರಿಲ್ 5ರಂದು ರಮಾಬಾಯಿಯವರು ಕಣ್ಮುಚ್ಚಿದರು. ಸಂಪೂರ್ಣ ಬೈಬಲು 1924ರಲ್ಲಿ ಹೊರಬಂದಿತು.

ವಿದ್ಯಾರ್ಥಿಗಳೇ, ಅವರ ಮತವು ನಮ್ಮಲ್ಲಿ ಎಲ್ಲರ ಮತವಲ್ಲ. ಆದರೆ ತಮಗೆ ದೊರೆತ ಶಾಂತಿಯನ್ನು ಅವರು ತಿಜೋರಿಯಲ್ಲಿಡಲಿಲ್ಲ. ಹಸಿದವರಿಗೆ ರೊಟ್ಟಿಯಾಗಿ, ಕುರುಡರಿಗೆ ಅಕ್ಷರವಾಗಿ, ಮನೆಯಿಲ್ಲದವರಿಗೆ ಮನೆಯಾಗಿ ಹಂಚಿದರು. ಪುಣೆಯಿಂದ ರೈಲಿನಲ್ಲಿ ಹೋಗುವಾಗ ಕೇಡಗಾಂವ ಎಂಬ ಫಲಕವು ಕಂಡರೆ, ಗಂಗಾಮೂಲದ ಆ ಮಗಳನ್ನು ಒಮ್ಮೆ ನೆನೆಯೋಣ.