ಧರ್ಮಕಾರ್ಯಕ್ಕೆ ಸರ್ಕಾರದ ದುಡ್ಡು ಬೇಡವೆಂದ ಮ್ಯಾಡಿಸನ್

ಸ್ಪರ್ಧಾತ್ಮಕ ಪರೀಕ್ಷೆಗೆ ಸಂವಿಧಾನ ಓದುವವರಿಗೆಲ್ಲ 27ನೇ ವಿಧಿ ಗೊತ್ತು. ಯಾವುದೇ ಒಂದು ಧರ್ಮದ ಪೋಷಣೆಗೆಂದೇ ಬಳಸುವ ತೆರಿಗೆಯನ್ನು ಕಟ್ಟುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂಬುದು ಅದರ ಸಾರ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಇಂಥದೇ ವಿಚಾರಕ್ಕೆ ಅಮೆರಿಕದಲ್ಲಿ ಒಬ್ಬರು ಜೀವನದುದ್ದಕ್ಕೂ ಹಠ ಹಿಡಿದಿದ್ದರು ಎಂದು ಓದಿದ ಮೇಲೆ ನನಗೆ ಆ ವಿಧಿ ಬರೀ ಬಾಯಿಪಾಠವಾಗಿ ಉಳಿದಿಲ್ಲ. ಅವರೇ ಆ ದೇಶದ ನಾಲ್ಕನೇ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್.

1751ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ಮ್ಯಾಡಿಸನ್ ಕುಳ್ಳಗಿದ್ದರು, ದನಿ ಸಣ್ಣದು, ಆರೋಗ್ಯ ಅಷ್ಟಕ್ಕಷ್ಟೇ. ಪ್ರಿನ್ಸ್‌ಟನ್‌ನಲ್ಲಿ ಎರಡೇ ವರ್ಷದಲ್ಲಿ ಪದವಿ ಮುಗಿಸಿ, ಇನ್ನಷ್ಟು ದಿನ ಅಲ್ಲೇ ಹೀಬ್ರೂ ಕಲಿತು ಮನೆಗೆ ಮರಳಿದರು. ಕಾನೂನು ಓದಿದರೂ ವಕೀಲಿಕೆಯತ್ತ ಮನಸ್ಸು ಹೋಗಲಿಲ್ಲ. ಮುಂದೇನೆಂದು ತಿಳಿಯದೆ ಮನೆಯಲ್ಲಿ ಕೂತ ಆ ದಿನಗಳು ನಮ್ಮಲ್ಲಿ ಅನೇಕರಿಗೆ ಪರಿಚಿತವೇ. (ಅವರ ತಂದೆ ಗುಲಾಮರನ್ನು ದುಡಿಸುತ್ತಿದ್ದ ದೊಡ್ಡ ಜಮೀನ್ದಾರ ಎಂಬುದು ಬೇರೆ ಮಾತು. ಮಗನೂ ಕೊನೆಯವರೆಗೆ ಗುಲಾಮರನ್ನು ಬಿಡುಗಡೆ ಮಾಡಲಿಲ್ಲ. ಅದನ್ನು ಮರೆತು ಅವರನ್ನು ಹೊಗಳಲಾರೆ.)

ಆಗ ವರ್ಜೀನಿಯಾದಲ್ಲಿ ಇಂಗ್ಲೆಂಡಿನ ಚರ್ಚೇ ಸರ್ಕಾರಿ ಚರ್ಚು. ಅದರ ಪಾದ್ರಿಗಳ ಸಂಬಳಕ್ಕೆ ಬೇರೆ ಪಂಥದವರೂ ತೆರಿಗೆ ಕೊಡಬೇಕಿತ್ತು. ಪಕ್ಕದ ಕೌಂಟಿಯಲ್ಲಿ ಐದಾರು ಮಂದಿಯನ್ನು ತಮ್ಮ ಧಾರ್ಮಿಕ ಅಭಿಪ್ರಾಯ ಸಾರಿದ್ದಕ್ಕೇ ಜೈಲಿಗೆ ಹಾಕಿದ್ದರು. ಬ್ಯಾಪ್ಟಿಸ್ಟ್ ಬೋಧಕರ ಮೇಲಿನ ಈ ಕಿರುಕುಳ ಸರ್ಕಾರಿ ಚರ್ಚಿನ ಕುಟುಂಬದಲ್ಲೇ ಹುಟ್ಟಿದ್ದ ಮ್ಯಾಡಿಸನ್‌ರನ್ನು ಕೆರಳಿಸಿತು.

1784ರಲ್ಲಿ ಪ್ಯಾಟ್ರಿಕ್ ಹೆನ್ರಿ ಒಂದು ಮಸೂದೆಗೆ ಬೆಂಬಲ ಕೂಡಿಸಿದರು. ಕ್ರೈಸ್ತ ಬೋಧಕರಿಗಾಗಿ ಎಲ್ಲರೂ ತೆರಿಗೆ ಕೊಡಬೇಕು, ಆದರೆ ಯಾವ ಪಂಥಕ್ಕೆ ಹೋಗಬೇಕೆಂದು ಅವರವರೇ ಹೇಳಬಹುದು. ಮೇಲ್ನೋಟಕ್ಕೆ ಉದಾರವಾಗಿಯೇ ಇದೆ. ವಾಷಿಂಗ್ಟನ್ ಅವರಿಗೂ ಅದರಲ್ಲಿ ದೊಡ್ಡ ತಪ್ಪು ಕಂಡಿರಲಿಲ್ಲ. ಮ್ಯಾಡಿಸನ್ ಹೆಸರು ಹಾಕದೆ ಹದಿನೈದು ಅಂಶಗಳ ಮನವಿಯೊಂದನ್ನು ಬರೆದು ಹಂಚಿಸಿದರು. ಮೂರು ಪೆನ್ಸ್‌ನಷ್ಟು ಅಲ್ಪ ಮೊತ್ತವನ್ನು ಬಲವಂತವಾಗಿ ಕೀಳಬಲ್ಲ ಸರ್ಕಾರ ನಾಳೆ ಒಂದೇ ಪಂಥಕ್ಕೆ ತಲೆಬಾಗಿ ಎಂದೂ ಹೇಳಬಲ್ಲದು ಎಂಬುದು ಅವರ ವಾದ. ಅರ್ಜಿಗಳು ರಾಶಿ ರಾಶಿಯಾಗಿ ಬಂದವು, ಮಸೂದೆ ಬಿತ್ತು. 1786ರ ಜನವರಿಯಲ್ಲಿ, ಜೆಫರ್ಸನ್ ಪ್ಯಾರಿಸ್‌ನಲ್ಲಿದ್ದಾಗಲೇ, ಅವರು ಬರೆದಿಟ್ಟಿದ್ದ ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆಯನ್ನು ಮ್ಯಾಡಿಸನ್ ಪಾಸು ಮಾಡಿಸಿದರು. ಮೊದಲ ತಿದ್ದುಪಡಿಯಲ್ಲಿ ಅವರ ಪಾತ್ರ ಪಠ್ಯಪುಸ್ತಕದಲ್ಲೇ ಇದೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು 1811ರ ಫೆಬ್ರುವರಿ. ಆಗ ಅವರು ಅಧ್ಯಕ್ಷರು. ಅಲೆಕ್ಸಾಂಡ್ರಿಯಾದ ಎಪಿಸ್ಕೋಪಲ್ ಚರ್ಚಿಗೆ ಕಾನೂನಿನ ಮಾನ್ಯತೆ ಕೊಡುವ ಮಸೂದೆ ಸಹಿಗೆ ಬಂತು. ಬಡವರನ್ನು ಸಲಹುವ, ಬಡ ಮಕ್ಕಳಿಗೆ ಓದಿಸುವ ಅಧಿಕಾರವೂ ಅದರಲ್ಲಿತ್ತು. ಅನ್ನ, ಅಕ್ಷರ ಕೊಡುವುದಕ್ಕೆ ಯಾರು ತಾನೇ ಅಡ್ಡ ಬಂದಾರು? ಮ್ಯಾಡಿಸನ್ ಬಂದರು. ಭಕ್ತಿಯಿಂದ ಮಾಡುವ ದಾನಕ್ಕೆ ಕಾನೂನಿನ ಅಪ್ಪಣೆ ಬೇಕಿಲ್ಲ. ಕೊಟ್ಟರೆ, ಸರ್ಕಾರ ಮಾಡಬೇಕಾದ ಕೆಲಸವನ್ನು ಧಾರ್ಮಿಕ ಸಂಸ್ಥೆಗೆ ವಹಿಸುವ ಚಾಳಿ ಶುರುವಾಗುತ್ತದೆ ಎಂದು ಮಸೂದೆಯನ್ನು ಹಿಂದಿರುಗಿಸಿದರು. ಸಹಾಯ ಕೇಳಿ ಬಂದ ಬಡವನಿಗೆ ಬಾಗಿಲಲ್ಲಿ ಸರ್ಕಾರ ಸಿಗಬೇಕೇ, ಪಾದ್ರಿ ಸಿಗಬೇಕೇ? ನನಗೆ ಕಂಡಂತೆ ಪ್ರಶ್ನೆ ಅಷ್ಟೇ.

ಒಂದೇ ವಾರದಲ್ಲಿ ಇನ್ನೊಂದು ಮಸೂದೆ. ಮಿಸಿಸಿಪಿ ಪ್ರಾಂತ್ಯದ ಸೇಲಂ ಎಂಬಲ್ಲಿನ ಬ್ಯಾಪ್ಟಿಸ್ಟ್ ಚರ್ಚಿಗೆ ಒಂದು ತುಂಡು ಸರ್ಕಾರಿ ಜಮೀನು. ಯೌವನದಿಂದಲೂ ತಾವು ಪರ ನಿಂತಿದ್ದ ಪಂಥ ಅದು. ಅದನ್ನೂ ತಿರಸ್ಕರಿಸಿದರು. ಸೋಜಿಗವೆಂದರೆ, ಉತ್ತರ ಕೆರೊಲಿನಾದ ಕೆಲವು ಬ್ಯಾಪ್ಟಿಸ್ಟ್ ಚರ್ಚುಗಳು ಈ ನಿರಾಕರಣೆಯನ್ನು ಮೆಚ್ಚಿ ಅವರಿಗೆ ಪತ್ರ ಬರೆದವು.

1812ರಲ್ಲಿ ಯುದ್ಧ ಬಂದಾಗ ಮಾತ್ರ ಒತ್ತಡಕ್ಕೆ ಮಣಿದು ಪ್ರಾರ್ಥನೆಯ ದಿನಗಳನ್ನು ಘೋಷಿಸಿದರು. ನಿವೃತ್ತಿಯ ನಂತರದ ಟಿಪ್ಪಣಿಗಳಲ್ಲಿ ಅಂಥ ಘೋಷಣೆಗಳೂ ಸರಿಯಲ್ಲವೆಂದು ಬರೆದಿಟ್ಟರು. ಸಂಸತ್ತಿನ ಪಾದ್ರಿಗೆ ಖಜಾನೆಯಿಂದ ಸಂಬಳ ಕೊಡುವುದನ್ನೂ ಅಲ್ಲಿ ಒಪ್ಪಲಿಲ್ಲ; ಪ್ರಾರ್ಥನೆ ಬೇಕಿದ್ದರೆ ಸದಸ್ಯರು ತಮ್ಮ ಜೇಬಿನಿಂದಲೇ ಕೊಡಲಿ ಎಂದರು. 1836ರಲ್ಲಿ ತೀರಿಕೊಂಡಾಗ ಅವರಿಗೆ 85 ವರ್ಷ. ಆ ಪಾದ್ರಿಗಳ ಸಂಬಳ ಇವತ್ತಿಗೂ ಖಜಾನೆಯಿಂದಲೇ ಹೋಗುತ್ತಿದೆ.