ಇಂಗ್ಲೆಂಡಿನ ಪ್ರಥಮ ನೋಂದಾಯಿತ ದಾದಿ ಶ್ರೀಮತಿ ಎಥೆಲ್ ಫೆನ್ವಿಕ್

ತನ್ನ ಮಂಚದ ಬಳಿಯಲ್ಲಿ ನಿಂತಿರುವ ದಾದಿಯು ಶಿಕ್ಷಣ ಹೊಂದಿದವಳೋ ಅಲ್ಲವೋ ಎಂಬುದನ್ನು ಅರಿಯುವ ಹಕ್ಕು ರೋಗಿಗೆ ಉಂಟು. ಈ ಸರಳವಾದ ಮಾತನ್ನು ಶಾಸನವಾಗಿ ಮಾಡಿಸುವುದಕ್ಕೆ ಇಂಗ್ಲೆಂಡಿನಲ್ಲಿ ಒಬ್ಬ ಮಹಿಳೆಯು 30 ವರ್ಷಗಳಿಗೂ ಹೆಚ್ಚು ಕಾಲ ಶ್ರಮಿಸಬೇಕಾಯಿತು.

ಶ್ರೀಮತಿ ಎಥೆಲ್ ಫೆನ್ವಿಕ್‌ರವರು 1857ನೆಯ ಇಸವಿ ಜನವರಿ 26ರಂದು ಸ್ಕಾಟ್ಲೆಂಡಿನಲ್ಲಿ ಜನಿಸಿದರು. 21ನೆಯ ವಯಸ್ಸಿನಲ್ಲಿ ನಾಟಿಂಗ್‌ಹ್ಯಾಮಿನ ಮಕ್ಕಳ ಆಸ್ಪತ್ರೆಯನ್ನು ಸೇರಿ, ಬಳಿಕ ಮ್ಯಾಂಚೆಸ್ಟರಿನಲ್ಲಿಯೂ ಶುಶ್ರೂಷೆಯ ಕೆಲಸವನ್ನು ಕಲಿತರು. 1881ರಲ್ಲಿ, ಕೇವಲ 24 ವರ್ಷದವರಾಗಿದ್ದಾಗಲೇ, ಲಂಡನ್ನಿನ ಪ್ರಾಚೀನವಾದ ಸೇಂಟ್ ಬಾರ್ಥಲೋಮಿಯೋ ಆಸ್ಪತ್ರೆಗೆ ಮೇಟ್ರನ್ ಆದರು. ಅಲ್ಲಿ ದಾದಿಯರ ಶಿಕ್ಷಣದ ಅವಧಿಯನ್ನು 3 ವರ್ಷಗಳಿಗೆ ಏರಿಸಿದರು. 1887ರಲ್ಲಿ ವೈದ್ಯರಾದ ಬೆಡ್‌ಫರ್ಡ್ ಫೆನ್ವಿಕ್‌ರವರನ್ನು ವಿವಾಹವಾಗಿ ಆ ಪದವಿಯನ್ನು ಬಿಟ್ಟರು.

ಆಗ ಸೊಂಟಕ್ಕೆ ಬಿಳಿಯ ವಸ್ತ್ರವನ್ನು ಕಟ್ಟಿಕೊಂಡ ಯಾರೇ ಆಗಲಿ ತಾನು ದಾದಿಯೆಂದು ಹೇಳಿಕೊಳ್ಳಬಹುದಾಗಿತ್ತು. ವೈದ್ಯರಿಗಾದರೋ 1858ರಿಂದಲೇ ಸರಕಾರದ ಪಟ್ಟಿಯೊಂದಿತ್ತು. ದಾದಿಯರಿಗೂ ಕ್ರಮವಾದ ಶಿಕ್ಷಣ, ಪರೀಕ್ಷೆ, ನೋಂದಣಿಗಳು ಇರಬೇಕೆಂದು ಫೆನ್ವಿಕ್‌ರವರು ಮದುವೆಯಾದ ವರ್ಷವೇ ದಾದಿಯರ ಸಂಘವೊಂದನ್ನು ಸ್ಥಾಪಿಸಿದರು.

ಇದಕ್ಕೆ ಪ್ರತಿಯಾಗಿ ನಿಂತವರಲ್ಲಿ ಲೋಕವಂದ್ಯರಾದ ಫ್ಲಾರೆನ್ಸ್ ನೈಟಿಂಗೇಲ್‌ರವರೂ ಒಬ್ಬರು. ದಯೆಯನ್ನೂ ನಡತೆಯನ್ನೂ ಪರೀಕ್ಷೆಯಿಂದ ಅಳೆಯಲಾಗದೆಂಬುದು ಅವರ ಅಭಿಪ್ರಾಯವಾಗಿತ್ತು. ಆ ಮಾತಿನಲ್ಲಿ ಸತ್ಯವಿತ್ತು. ಆದರೆ ದಯೆಯುಳ್ಳವಳಾದರೂ ಔಷಧದ ಪ್ರಮಾಣವನ್ನು ಅರಿಯದಿದ್ದರೆ ರೋಗಿಗೆ ಅಪಾಯವೇ ಅಲ್ಲವೇ? ಫೆನ್ವಿಕ್‌ರವರು ಹಿಂಜರಿಯದೆ ಶುಶ್ರೂಷೆಯ ಪತ್ರಿಕೆಯೊಂದರ ಸಂಪಾದಕರಾಗಿ ಬರೆಯುತ್ತಲೇ ಇದ್ದರು. 1899ರಲ್ಲಿ ಅಂತರರಾಷ್ಟ್ರೀಯ ದಾದಿಯರ ಮಂಡಲಿಯನ್ನು ಸ್ಥಾಪಿಸಿದರು. 1901ರಲ್ಲಿ ನ್ಯೂಜಿಲೆಂಡ್ ದೇಶವು ನೋಂದಣಿಯ ಶಾಸನವನ್ನು ಮಾಡಿತು. ಇಂಗ್ಲೆಂಡಿನಲ್ಲಿ ಮಾತ್ರ ಮಸೂದೆಗಳು ಮತ್ತೆ ಮತ್ತೆ ಬಿದ್ದುಹೋದುವು. ಮಹಾಯುದ್ಧವು ಮುಗಿದ ಮೇಲೆ, 1919ರ ಡಿಸೆಂಬರಿನಲ್ಲಿ, ಶಾಸನವು ಅಂಗೀಕೃತವಾಯಿತು. 1921ರಲ್ಲಿ ತೆರೆದ ನೋಂದಣಿ ಪುಸ್ತಕದಲ್ಲಿ ಮೊದಲನೆಯ ಸಂಖ್ಯೆಯು ಫೆನ್ವಿಕ್‌ರವರದಾಯಿತು.

ಆದರೂ ಬಳಿಕ ನಡೆದ ದಾದಿಯರ ಚುನಾವಣೆಯಲ್ಲಿ ಅವರು ಸೋತು ಶುಶ್ರೂಷಾ ಮಂಡಲಿಯಿಂದ ಹೊರಗುಳಿಯಬೇಕಾಯಿತು. ಯಾರಿಗಾಗಿ ದುಡಿದರೋ ಅವರೇ ಕೈಬಿಟ್ಟಾಗಲೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. 1947ರ ಮಾರ್ಚ್ 13ರಂದು, 90ನೆಯ ವಯಸ್ಸಿನಲ್ಲಿ, ದೈವಾಧೀನರಾದರು.

ನಮ್ಮ ದೇಶದಲ್ಲಿ ಮದರಾಸು ಪ್ರಾಂತ್ಯವು 1926ರಲ್ಲಿ ದಾದಿಯರ ನೋಂದಣಿಯ ಶಾಸನವನ್ನು ಮಾಡಿತು. ಫೆನ್ವಿಕ್‌ರವರು ತೀರಿಕೊಂಡ ವರ್ಷದ ಕೊನೆಯ ದಿನದಂದೇ ಭಾರತೀಯ ಶುಶ್ರೂಷಾ ಪರಿಷತ್ತಿನ ಶಾಸನವು ಜಾರಿಗೆ ಬಂದಿತು.

ಪ್ರಿಯ ವಿದ್ಯಾರ್ಥಿನಿಯರೇ, ನಾಯಕನಹಟ್ಟಿ, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಳ್ಳಿಗಳಲ್ಲಿ ಹೆರಿಗೆಯಾಗಲಿ ಜ್ವರವಾಗಲಿ ಬಂದಾಗ ಜನರು ಮೊದಲು ಎದುರುನೋಡುವುದು ಶಿಕ್ಷಿತ ದಾದಿಯನ್ನೇ. ಮಗಳನ್ನು ಈ ಕೆಲಸಕ್ಕೆ ಕಳುಹಿಸಲು ಹಿಂದೆಮುಂದೆ ನೋಡುವ ತಾಯಿತಂದೆಗಳು ಇದ್ದರೆ, ಅವರಿಗೆ ಈ ಚರಿತ್ರೆಯನ್ನು ಓದಿಹೇಳಿರಿ. ನಿಮ್ಮಲ್ಲಿ ಯಾರಾದರೂ ಮುಂದೆ ದಾದಿಯಾಗಿ ನೋಂದಣಿ ಸಂಖ್ಯೆಯನ್ನು ಪಡೆದಾಗ, ಅದು ರೋಗಿಗೆ ನೀವು ಕೊಟ್ಟ ವಾಗ್ದಾನವೆಂದು ತಿಳಿಯಿರಿ.