ಇಟ್ಟದ್ದು ಸಿಗಬೇಕು: ರಂಗನಾಥನ್ ಬಾಳಿನ ಪಾಠ

ತುಮಕೂರು ರಸ್ತೆಯಿಂದ ಟಿ. ದಾಸರಹಳ್ಳಿಯ ಒಳರಸ್ತೆಗಳಿಗೆ ತಿರುಗಿದರೆ ಜೆರಾಕ್ಸ್ ಮತ್ತು ಸೈಬರ್ ಅಂಗಡಿಗಳು ಸಾಲಾಗಿ ಕಾಣುತ್ತವೆ. ಇ-ಖಾತಾ ಕಡ್ಡಾಯವಾದ ಮೇಲೆ ಅಲ್ಲಿನ ಕಂಪ್ಯೂಟರುಗಳಿಗೆ ಬಿಡುವಿಲ್ಲ. ಕ್ರಯಪತ್ರ, ಋಣಭಾರ ಪತ್ರ, ತೆರಿಗೆ ರಸೀದಿ, ವಿದ್ಯುತ್ ಬಿಲ್ಲು ಎಲ್ಲವೂ ಸ್ಕ್ಯಾನ್ ಆಗಿ ಫೈಲುಗಳಾಗುತ್ತವೆ. ಈ ಕೆಲಸಕ್ಕೆ ಕೆಲವೇ ನಿಮಿಷ ಸಾಕು. ಆದರೆ ಹೋದ ತಿಂಗಳು ಸ್ಕ್ಯಾನ್ ಮಾಡಿಸಿದ ಪತ್ರವನ್ನು ಮತ್ತೆ ಹುಡುಕಿಕೊಡಿ ಎಂದು ಯಾರಾದರೂ ಬಂದರೆ ಅರ್ಧ ಗಂಟೆ ಹಿಡಿಯುತ್ತದೆ. ಕೆಲವೊಮ್ಮೆ ಹುಡುಕುವುದಕ್ಕಿಂತ ಹೊಸದಾಗಿ ಸ್ಕ್ಯಾನ್ ಮಾಡುವುದೇ ಸುಲಭವಾಗುತ್ತದೆ.

ಇದನ್ನು ಅಂಗಡಿಯ ಹುಡುಗನ ಅಸಡ್ಡೆ ಎಂದು ತಳ್ಳಿಹಾಕುವಂತಿಲ್ಲ. ಒಂದು ಕ್ರಯಪತ್ರವನ್ನು ಯಾವ ಫೋಲ್ಡರಿನಲ್ಲಿ ಇಡಬೇಕು? ಮಾಲೀಕರ ಹೆಸರಿನದರಲ್ಲಿಯೇ, ಪತ್ರದ ಬಗೆಯದರಲ್ಲಿಯೇ, ಬಡಾವಣೆಯದರಲ್ಲಿಯೇ, ವರ್ಷದ್ದರಲ್ಲಿಯೇ? ನಾಲ್ಕೂ ಸರಿ. ಆದರೆ ಕಂಪ್ಯೂಟರಿನ ಫೋಲ್ಡರುಗಳು ಮರದ ಕೊಂಬೆಗಳಂತೆ ಕವಲೊಡೆಯುವುದರಿಂದ ಸಾಮಾನ್ಯವಾಗಿ ಒಂದು ಫೈಲು ಒಂದೇ ಕೊಂಬೆಗೆ ಸೇರುತ್ತದೆ. ಫೈಲನ್ನು ನಕಲಿಸುವ, ಸ್ಥಳಾಂತರಿಸುವ, ಅಳಿಸುವ, ಹತ್ತಾರು ಫೈಲುಗಳನ್ನು ಒಂದೇ ಗಂಟಾಗಿ ಕಟ್ಟುವ ಚಿಕ್ಕ ಚಿಕ್ಕ ಫಂಕ್ಷನ್‌ಗಳನ್ನು ಪ್ರೋಗ್ರಾಮರುಗಳು ದಿನನಿತ್ಯ ಬಳಸುತ್ತಾರೆ. ಅವೆಲ್ಲವೂ ಮೊದಲು ಕೇಳುವುದು ಫೈಲಿನ ವಿಳಾಸವನ್ನು. ವಿಳಾಸ ತಿಳಿಯದಿದ್ದರೆ ಮರವನ್ನೆಲ್ಲ ಹತ್ತಿಳಿಯದೆ ಬೇರೆ ದಾರಿಯಿಲ್ಲ.

ವಸ್ತು ಒಂದೇ, ಅದನ್ನು ಹುಡುಕಿಕೊಂಡು ಬರುವ ದಾರಿಗಳು ಹಲವು. ಹಾಗಾದರೆ ಅದನ್ನು ಎಲ್ಲಿಡಬೇಕು? ಕಂಪ್ಯೂಟರಿನಲ್ಲಿ ಡೈರೆಕ್ಟರಿಗಳು ಹುಟ್ಟುವುದಕ್ಕೆ ದಶಕಗಳ ಮೊದಲೇ ಈ ಪ್ರಶ್ನೆಗೆ ತಮ್ಮ ಇಡೀ ಬಾಳನ್ನು ಒಪ್ಪಿಸಿದವರು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 1972ರ ಸೆಪ್ಟೆಂಬರ್ 27ರಂದು ನಿಧನರಾದದ್ದೂ ಇಲ್ಲಿಯೇ.

ಶಿಯಾಲಿ ರಾಮಾಮೃತ ರಂಗನಾಥನ್ ಜನಿಸಿದ್ದು 1892ರಲ್ಲಿ, ಅಂದಿನ ತಂಜಾವೂರು ಜಿಲ್ಲೆಯ ಶಿಯಾಲಿಯಲ್ಲಿ. ಅವರ ಜನ್ಮದಿನವೆಂದು ಆಗಸ್ಟ್ 12ನ್ನು ರಾಷ್ಟ್ರೀಯ ಗ್ರಂಥಪಾಲಕರ ದಿನವಾಗಿ ಆಚರಿಸಲಾಗುತ್ತದೆ. ಎಳವೆಯಲ್ಲಿ ಉಗ್ಗು ಅವರನ್ನು ಕಾಡಿತ್ತು. ಛಲದಿಂದ ಅದನ್ನು ಗೆದ್ದರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದ ಸ್ನಾತಕೋತ್ತರ ಪದವಿ ಪಡೆದ ಅವರು ಅಧ್ಯಾಪನ ವೃತ್ತಿ ಆರಂಭಿಸಿದ್ದು ಕನ್ನಡ ನಾಡಿನ ಕರಾವಳಿಯಲ್ಲಿ. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಬೋಧಿಸತೊಡಗಿದರು. ಬಳಿಕ ಕೊಯಮತ್ತೂರು, ಅನಂತರ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಗ್ರಂಥಾಲಯದ ಕೆಲಸ ಆಗ ಅವರ ಕನಸಿನಲ್ಲಿಯೂ ಇರಲಿಲ್ಲ.

1924ರ ಆರಂಭದಲ್ಲಿ ಅವರು ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಉತ್ತಮ ಸಂಬಳ ಆ ಹುದ್ದೆಯ ಆಕರ್ಷಣೆಯಾಗಿತ್ತು. ಗ್ರಂಥಾಲಯದ ಬಗ್ಗೆ ಅವರಿಗೆ ಯಾವ ತರಬೇತಿಯೂ ಇರಲಿಲ್ಲ. ತರಗತಿಯ ಗದ್ದಲಕ್ಕೆ ಒಗ್ಗಿದ್ದ ಮೇಷ್ಟರಿಗೆ ಓದುಗರೇ ಬಾರದ ಆ ಮೌನ ಸಹನೆಯಾಗಲಿಲ್ಲ. ಕೆಲವೇ ದಿನಗಳಲ್ಲಿ ತಮ್ಮನ್ನು ಮತ್ತೆ ಬೋಧನೆಗೆ ಕಳುಹಿಸುವಂತೆ ಬೇಡಿಕೊಂಡರು. ಮೊದಲು ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯ ಶಿಕ್ಷಣ ಪಡೆದು ಬರಲಿ, ಆಮೇಲೂ ಮನಸ್ಸಾಗದಿದ್ದರೆ ಕಾಲೇಜಿಗೆ ಮರಳಬಹುದು ಎಂಬ ಒಪ್ಪಂದವಾಯಿತು. ಆ ಪಯಣವೇ ಅವರ ಬಾಳಿನ ದಿಕ್ಕನ್ನು ಬದಲಿಸಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಡಬ್ಲ್ಯು. ಸಿ. ಬರ್ವಿಕ್ ಸೇಯರ್ಸ್ ಅವರಿಂದ ವರ್ಗೀಕರಣ ಕಲಿತರು. ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಕಣ್ಣಾರೆ ಕಂಡರು. ಹಲವೆಡೆ ಪುಸ್ತಕಗಳನ್ನು ಜೋಡಿಸಲು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿ ಬಳಕೆಯಲ್ಲಿತ್ತು. ಎಲ್ಲ ಅರಿವನ್ನೂ ಮೊದಲೇ ಹತ್ತು ಭಾಗ ಮಾಡಿ, ಪ್ರತಿ ಭಾಗವನ್ನು ಮತ್ತೆ ಹತ್ತಾಗಿ ಸೀಳುತ್ತ ಹೋಗುವ ಕ್ರಮವದು. ಗಣಿತಜ್ಞನ ಕಣ್ಣಿಗೆ ಅದರ ಕೊರತೆ ಕೂಡಲೇ ಹೊಳೆಯಿತು. ನಾಳೆ ಹುಟ್ಟುವ ವಿಷಯಕ್ಕೆ ಅಲ್ಲಿ ಮೊದಲೇ ಮನೆ ಕಟ್ಟಿಡಲು ಸಾಧ್ಯವಿರಲಿಲ್ಲ. ಎರಡು ವಿಷಯಗಳು ಕೂಡಿದ ಪುಸ್ತಕ ಎರಡರಲ್ಲಿ ಒಂದು ಮನೆಗೆ ಪರಕೀಯವಾಗುತ್ತಿತ್ತು.

ಪರಿಹಾರದ ಸುಳಿವು ಸಿಕ್ಕಿದ್ದು ಸೆಲ್‌ಫ್ರಿಜಸ್ ಎಂಬ ದೊಡ್ಡ ಮಳಿಗೆಯಲ್ಲಿ. ಅಲ್ಲಿ ಮೆಕಾನೊ ಎಂಬ ಆಟಿಕೆಯ ಪ್ರದರ್ಶನ ನಡೆದಿತ್ತು. ಅವೇ ಲೋಹದ ಪಟ್ಟಿಗಳು, ಗಾಲಿಗಳು, ನಟ್ಟು ಬೋಲ್ಟುಗಳು; ಒಮ್ಮೆ ಜೋಡಿಸಿದರೆ ಸೇತುವೆ, ಬಿಚ್ಚಿ ಜೋಡಿಸಿದರೆ ಕ್ರೇನು. ದಾಸರಹಳ್ಳಿಯ ನೆರೆಯ ಪೀಣ್ಯದ ವರ್ಕ್‌ಶಾಪುಗಳಲ್ಲಿ ದುಡಿಯುವವರಿಗೆ ಇದರ ತರ್ಕವನ್ನು ವಿವರಿಸಬೇಕಾಗಿಲ್ಲ. ರಂಗನಾಥನ್ ಅವರಿಗೆ ಅಲ್ಲಿ ತಮ್ಮ ಉತ್ತರ ಕಂಡಿತು. ವಿಷಯಗಳ ಸಿದ್ಧ ಪಟ್ಟಿಯ ಬದಲು ಬಿಡಿಭಾಗಗಳ ಪಟ್ಟಿ ಇರಲಿ. ಪುಸ್ತಕ ಬಂದಾಗ ಬೇಕಾದ ಭಾಗಗಳನ್ನು ಹೊಂದಿಸಿ ಅದರ ಸಂಖ್ಯೆಯನ್ನು ಕಟ್ಟೋಣ ಎಂಬುದು ಅವರ ಚಿಂತನೆ. ಭಾಗಗಳನ್ನು ಬೆಸೆಯುವ ಬೋಲ್ಟಾಗಿ ಅವರು ಆರಿಸಿಕೊಂಡದ್ದು ಎರಡು ಚುಕ್ಕೆಗಳ ಕೋಲನ್ ಚಿಹ್ನೆಯನ್ನು. ಅದರಿಂದಲೇ ಅವರ ಪದ್ಧತಿಗೆ ಕೋಲನ್ ವರ್ಗೀಕರಣ, ಕನ್ನಡದಲ್ಲಿ ದ್ವಿಬಿಂದು ವರ್ಗೀಕರಣ ಎಂದು ಹೆಸರಾಯಿತು. 1925ರಲ್ಲಿ ಮರಳುವ ದಾರಿಯಲ್ಲಿ ಹಡಗಿನ ಪುಟ್ಟ ಗ್ರಂಥಾಲಯದ ಮೇಲೆಯೇ ಅದರ ಮೊದಲ ಕರಡನ್ನು ಪ್ರಯೋಗಿಸಿ ನೋಡಿದರು. ಕಾಲೇಜಿಗೆ ಮರಳುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಮುಂದಿನ ಎರಡು ದಶಕ ಮದ್ರಾಸಿನಲ್ಲಿ ಅವರದು ಬಿಡುವಿಲ್ಲದ ದುಡಿಮೆ. ಬೀಗ ಹಾಕಿದ ಬೀರುಗಳ ಸಂಸ್ಕೃತಿಯನ್ನು ಕೊನೆಗಾಣಿಸಿ, ಓದುಗರು ತಾವೇ ಕಪಾಟಿನ ಬಳಿಗೆ ಹೋಗುವಂತೆ ಮಾಡಿದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು, 1933ರಲ್ಲಿ ದ್ವಿಬಿಂದು ವರ್ಗೀಕರಣ, 1934ರಲ್ಲಿ ಸೂಚೀಕರಣದ ಸಂಹಿತೆ ಪ್ರಕಟವಾದವು. ಪಂಚಸೂತ್ರಗಳ ಸಾರ ಸರಳವಾದದ್ದು. ಪುಸ್ತಕವಿರುವುದು ಬಳಕೆಗೆ, ಕಾವಲಿಗಲ್ಲ. ಓದುಗನಿಗೆ ಬೇಕಾದ ಪುಸ್ತಕ ದೊರೆಯಬೇಕಾದಂತೆ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು. ಹುಡುಕುವವನ ಸಮಯ ಪೋಲಾಗಬಾರದು. ಗ್ರಂಥಾಲಯವೆಂಬುದು ಬೆಳೆಯುತ್ತಲೇ ಇರುವ ಜೀವಿ. ಪುಸ್ತಕ ಎಂಬಲ್ಲಿ ಫೈಲು ಎಂದು ಓದಿಕೊಂಡರೆ ಇಂದಿನ ಯಾವುದೇ ಕಂಪ್ಯೂಟರಿಗೂ ಈ ಮಾತು ಹೊಂದುತ್ತದೆ.

ಈ ಪದ್ಧತಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಭಾರತದಲ್ಲಿನ ಶ್ವಾಸಕೋಶದ ಕ್ಷಯರೋಗದ ಬಗೆಗಿನ ಪುಸ್ತಕವೊಂದು ಬಂದಿತೆನ್ನೋಣ. ದ್ವಿಬಿಂದು ವರ್ಗೀಕರಣದಲ್ಲಿ ಎಲ್ ಎಂಬ ಅಕ್ಷರ ವೈದ್ಯಕೀಯಕ್ಕೆ, 45 ಶ್ವಾಸಕೋಶಕ್ಕೆ, 421 ಕ್ಷಯಕ್ಕೆ, 44 ಭಾರತಕ್ಕೆ ಸಂಕೇತ. ಇವನ್ನು ಕ್ರಮವಾಗಿ ಜೋಡಿಸಿದರೆ ಪುಸ್ತಕದ ಸಂಖ್ಯೆ ಸಿದ್ಧ. ಪ್ರತಿ ಭಾಗವೂ ವಿಷಯದ ಒಂದು ಮುಖ. ಇಂಥ ಮುಖಗಳನ್ನು ರಂಗನಾಥನ್ ಮುಂದೆ ಐದು ಮೂಲ ವರ್ಗಗಳಿಗೆ ಇಳಿಸಿದರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ಮೊದಲಿಗೆ ಎಲ್ಲವನ್ನೂ ಬೆಸೆಯಲು ಕೋಲನ್ ಒಂದೇ ಇತ್ತು. 1952ರ ನಾಲ್ಕನೆಯ ಆವೃತ್ತಿಯ ಹೊತ್ತಿಗೆ ಮುಖಕ್ಕೊಂದು ಚಿಹ್ನೆ ಬಂದಿತು.

ಆದರೂ ಪುಸ್ತಕ ಕಪಾಟಿನಲ್ಲಿ ಕೂರುವುದು ಒಂದೇ ಕಡೆ ತಾನೇ? ಇಲ್ಲಿಯೇ ಅವರ ಮತ್ತೊಂದು ಕೊಡುಗೆಯಾದ ಸರಪಳಿ ವಿಧಾನ ನೆರವಿಗೆ ಬರುತ್ತದೆ. ಪುಸ್ತಕದ ಸಂಖ್ಯೆಯನ್ನು ಕೊನೆಯಿಂದ ಹಿಮ್ಮುಖವಾಗಿ ಓದುತ್ತ, ಒಂದೊಂದೇ ಕೊಂಡಿಯನ್ನು ಕಳಚುತ್ತ, ಪ್ರತಿ ಹಂತಕ್ಕೂ ಅಕಾರಾದಿ ಸೂಚಿಯಲ್ಲಿ ಒಂದು ನಮೂದು ಬರೆಯುವುದು. ಭಾರತ ಎಂದು ಹುಡುಕುವವನಿಗೊಂದು, ಕ್ಷಯ ಎಂದು ಹುಡುಕುವವನಿಗೊಂದು, ಶ್ವಾಸಕೋಶ ಎನ್ನುವವನಿಗೊಂದು, ವೈದ್ಯಕೀಯ ಎನ್ನುವವನಿಗೊಂದು. ಗ್ರಂಥಪಾಲಕನ ಊಹೆಗೆ ಇಲ್ಲಿ ಹೆಚ್ಚಿನ ಎಡೆಯಿಲ್ಲ. ನಿಯಮ ಪಾಲಿಸಿದರೆ ಯಾರು ಮಾಡಿದರೂ ಅದೇ ಸೂಚಿ. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದೊಂದು ಅಲ್ಗಾರಿದಮ್. ಫೈಲಿನ ವಿಳಾಸವನ್ನು ತುಂಡು ಮಾಡಿ, ಕೊನೆಯ ಹೆಸರನ್ನು ಕಳಚಿ, ಅದರ ಮೇಲಿನ ಫೋಲ್ಡರನ್ನು ಹೇಳುವ ಫಂಕ್ಷನ್ ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇದೆ. ಅದು ಮಾಡುವುದು ಹೆಚ್ಚುಕಡಿಮೆ ಇದನ್ನೇ. ಬ್ರಿಟನ್ನಿನ ರಾಷ್ಟ್ರೀಯ ಗ್ರಂಥಸೂಚಿಯು 1950ರ ದಶಕದಲ್ಲಿ ಸರಪಳಿ ವಿಧಾನವನ್ನು ತನ್ನದಾಗಿಸಿಕೊಂಡು ಸುಮಾರು ಎರಡು ದಶಕ ಬಳಸಿತು.

ಬೆಂಗಳೂರಿನಲ್ಲಿ ನೆಲೆಸುವ ಮುನ್ನ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯ ಮತ್ತು ದೆಹಲಿ ವಿಶ್ವವಿದ್ಯಾಲಯಗಳಲ್ಲಿ ದುಡಿದರು. ಕೆಲ ಕಾಲ ಜ್ಯೂರಿಕ್‌ನಲ್ಲಿದ್ದು ಬರೆದರು. 1957ರಲ್ಲಿ ಪದ್ಮಶ್ರೀ ಬಂದಿತು. ಜೀವಮಾನದ ಉಳಿತಾಯವನ್ನು ಪತ್ನಿ ಶಾರದಾ ಅವರ ಹೆಸರಿನಲ್ಲಿ ಮದ್ರಾಸು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪೀಠಕ್ಕೆ ಕೊಟ್ಟರು. 1961ರಲ್ಲಿ ಬೆಂಗಳೂರಿನಲ್ಲಿ ಶಾರದಾ ರಂಗನಾಥನ್ ದತ್ತಿಯನ್ನು ಸ್ಥಾಪಿಸಿದರು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಲ್ಲಿ ಆರಂಭವಾಯಿತು. ಎಪ್ಪತ್ತರ ಅಂಚಿನಲ್ಲಿದ್ದ ವೃದ್ಧರು ಅಲ್ಲಿ ಹೊಸ ತಲೆಮಾರನ್ನು ತಯಾರು ಮಾಡಿದರು. ಮೈಸೂರು ರಸ್ತೆಯಲ್ಲಿರುವ ಆ ಕೇಂದ್ರ ಇಂದಿಗೂ ಕಂಪ್ಯೂಟರ್ ಮತ್ತು ಗ್ರಂಥಾಲಯಗಳು ಕೂಡುವ ಜಾಗದಲ್ಲಿ ಕೆಲಸ ಮಾಡುತ್ತಿದೆ. 1965ರಲ್ಲಿ ಭಾರತ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ಮಾಡಿತು.

ಅವರ ಕೊನೆಯ ವರ್ಷಗಳಲ್ಲಿಯೇ ಅಮೆರಿಕದಲ್ಲಿ ಮಲ್ಟಿಕ್ಸ್, ಅದರ ಹಿಂದೆಯೇ ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಗಳು ರೂಪುಗೊಳ್ಳುತ್ತಿದ್ದವು. ಯುನಿಕ್ಸ್‌ನ ಮೊದಲ ಕೈಪಿಡಿ ಹೊರಬಂದದ್ದು 1971ರ ನವೆಂಬರಿನಲ್ಲಿ. ಡೈರೆಕ್ಟರಿಯೊಳಗೆ ಡೈರೆಕ್ಟರಿ ಇಡುವ ಮರದ ಕಲ್ಪನೆ ಅಲ್ಲಿಂದ ಜಗತ್ತಿನ ಕಂಪ್ಯೂಟರುಗಳಿಗೆ ಹಬ್ಬಿತು. ಎರಡೂ ಪ್ರಯತ್ನಗಳು ಒಂದನ್ನೊಂದು ಬಲ್ಲವಾಗಿರಲಿಲ್ಲ. ಯಂತ್ರಕ್ಕೆ ಮರ ಸುಲಭ. ಮನುಷ್ಯನಿಗೆ ಮುಖಗಳು ಸಹಜ. ಯುನಿಕ್ಸ್ ಕಟ್ಟಿದವರಿಗೂ ಈ ತೊಡಕು ತಿಳಿದಿತ್ತು. ಒಂದೇ ಫೈಲಿಗೆ ಎರಡು ಡೈರೆಕ್ಟರಿಗಳಲ್ಲಿ ಹೆಸರು ಕೊಡುವ ಲಿಂಕ್ ಎಂಬ ಸೌಲಭ್ಯವನ್ನು ಅವರು ಇಟ್ಟಿದ್ದರು. ಗ್ರಂಥಾಲಯದ ಸೂಚಿಯಲ್ಲಿ ಅಡ್ಡ ನಿರ್ದೇಶನ ಮಾಡುವ ಕೆಲಸವೂ ಇದೇ.

ರಂಗನಾಥನ್ ಅವರ ಪದ್ಧತಿ ಎಲ್ಲೆಡೆ ಗೆಲ್ಲಲಿಲ್ಲ ಎಂಬುದನ್ನು ಮರೆಮಾಚಬೇಕಿಲ್ಲ. ಅವರ ಸಂಖ್ಯೆಗಳು ಉದ್ದವಾದವು, ಚಿಹ್ನೆಗಳು ತೊಡಕಿನವು. ಆವೃತ್ತಿಯಿಂದ ಆವೃತ್ತಿಗೆ ನಿಯಮಗಳು ಬದಲಾಗುತ್ತಿದ್ದವು. ಅಂಟಿಸಿದ ಚೀಟಿಗಳನ್ನು ಕಿತ್ತು ಮತ್ತೆ ಅಂಟಿಸುವಷ್ಟು ವ್ಯವಧಾನ ಸಾಮಾನ್ಯ ಗ್ರಂಥಾಲಯಗಳಿಗೆ ಇರಲಿಲ್ಲ. ಭಾರತದ ಬಹುಪಾಲು ಗ್ರಂಥಾಲಯಗಳು ಡ್ಯೂಯಿಯವರಿಗೇ ನಿಷ್ಠರಾಗಿ ಉಳಿದವು. ಆದರೆ ಅಂತರಜಾಲದ ಮಳಿಗೆಯಲ್ಲಿ ಸೀರೆ ಕೊಳ್ಳುವಾಗ ಬಣ್ಣ, ಬೆಲೆ, ನೂಲು, ಊರು ಎಂದು ಒಂದೊಂದೇ ಮುಖವನ್ನು ಆಯ್ದುಕೊಳ್ಳುತ್ತೇವಲ್ಲ, ಆ ಕ್ರಮದ ಸಿದ್ಧಾಂತಕ್ಕೆ ತಳಹದಿ ಹಾಕಿದವರಲ್ಲಿ ಅವರು ಅಗ್ರಗಣ್ಯರು. ಕಪಾಟಿನಲ್ಲಿ ಸೋತದ್ದು ಪರದೆಯ ಮೇಲೆ ಗೆದ್ದಿದೆ.

ಇದು ಕೇವಲ ಅನುಕೂಲದ ಮಾತಲ್ಲ. ಕಡತ ಎಂಬ ಪದವನ್ನು ನಾವು ಇಂದು ಫೈಲಿಗೆ ಬಳಸುತ್ತೇವೆ. ಮೂಲದಲ್ಲಿ ಅದು ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಮಡಚಿ, ಬಳಪದಿಂದ ಬರೆಯುತ್ತಿದ್ದ ಬಟ್ಟೆಯ ಪುಸ್ತಕ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಒದಗಿದ್ದು ಅವು ಉಳಿದದ್ದರಿಂದ ಮಾತ್ರವಲ್ಲ, ಅವುಗಳಲ್ಲಿ ಏನಿದೆಯೆಂದು ಯಾರೋ ಓದಿ ಪಟ್ಟಿ ಮಾಡಿದ್ದರಿಂದ. ಭಾರತ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಆದರೆ ಅವುಗಳ ಹೆಸರುಗಳು ರೋಮನ್ ಲಿಪಿಯಲ್ಲಿ, ಹಲವೆಡೆ ತಪ್ಪು ಕಾಗುಣಿತದಲ್ಲಿ ದಾಖಲಾಗಿದ್ದವು. ಪುಸ್ತಕವಿತ್ತು, ಓದುಗನೂ ಇದ್ದ. ನಡುವಿನ ಸೇತುವೆ ಇರಲಿಲ್ಲ. ಸಂಚಯ ಎಂಬ ಕನ್ನಡಿಗರ ತಂಡ ಸಾರ್ವಜನಿಕರ ನೆರವಿನಿಂದ ಆ ಹೆಸರುಗಳನ್ನು ಕನ್ನಡ ಲಿಪಿಗೆ ತಂದು, ಹುಡುಕುವ ಸೌಲಭ್ಯ ಕಲ್ಪಿಸಿದ ಮೇಲೆಯೇ ಎಷ್ಟೋ ಪುಸ್ತಕಗಳು ಮರುಹುಟ್ಟು ಪಡೆದವು. ಸಿಗದ ಕಡತ ಕಳೆದುಹೋದ ಕಡತಕ್ಕೆ ಸಮ.

ಸರ್ಕಾರಗಳು ಇಂದು ಡಿಜಿಟಲೀಕರಣದ ಸಾಧನೆಯನ್ನು ಸ್ಕ್ಯಾನ್ ಆದ ಪುಟಗಳ ಲೆಕ್ಕದಲ್ಲಿ ಅಳೆಯುತ್ತಿವೆ. ರಂಗನಾಥನ್ ಇದ್ದಿದ್ದರೆ, ಹುಡುಕಿ ಬಂದವನಿಗೆ ಎಷ್ಟು ಬೇಗ ಸಿಕ್ಕಿತು ಎಂಬ ಲೆಕ್ಕವನ್ನು ಕೇಳುತ್ತಿದ್ದರೇನೋ. ಆ ಲೆಕ್ಕ ಇಡಲು ಯಂತ್ರದ ಜೊತೆಗೆ ಸೂಚಿ ಬರೆಯಬಲ್ಲ ತರಬೇತಾದ ಗ್ರಂಥಪಾಲಕರು ಬೇಕು. ಅವರ ಹುದ್ದೆಗಳನ್ನು ಖಾಲಿ ಬಿಟ್ಟು ಸ್ಕ್ಯಾನರುಗಳನ್ನು ಮಾತ್ರ ಕೊಂಡರೆ ನಾವು ಕಟ್ಟುವುದು ಗೋದಾಮುಗಳನ್ನೇ ಹೊರತು ಗ್ರಂಥಾಲಯಗಳನ್ನಲ್ಲ.

ಟಿ. ದಾಸರಹಳ್ಳಿಯ ಅಂಗಡಿಯಲ್ಲಿ ಸ್ಕ್ಯಾನ್ ಆಗುವ ತೆರಿಗೆ ರಸೀದಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಆಸ್ತಿ ತೆರಿಗೆಯ ಕೆಳಗೆ ಗ್ರಂಥಾಲಯ ಉಪಕರ ಎಂದು ರೂಪಾಯಿಗೆ ಆರು ಪೈಸೆ ಸೇರಿರುತ್ತದೆ. ಸಾರ್ವಜನಿಕ ಗ್ರಂಥಾಲಯ ಕಾನೂನಿನ ಆಸರೆಯಲ್ಲಿ, ಉಪಕರದ ಬಲದಲ್ಲಿ ನಿಲ್ಲಬೇಕೆಂದು ರಂಗನಾಥನ್ ದೇಶದುದ್ದಕ್ಕೂ ವಾದಿಸಿದ್ದರು. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಹಿಂದೆ ಅವರ ಚಿಂತನೆಯಿದೆ. ಸಂಗ್ರಹವಾದ ಉಪಕರ ಗ್ರಂಥಾಲಯಗಳಿಗೆ ಪೂರ್ತಿಯಾಗಿ, ಸಕಾಲದಲ್ಲಿ ತಲುಪುತ್ತಿಲ್ಲವೆಂಬ ದೂರು ಬಹಳ ವರ್ಷಗಳದು. ಆ ಹಣ ನಮ್ಮದು. ಅದು ಎಲ್ಲಿ ಹೋಗಿ ಸೇರಿತು ಎಂದು ಹುಡುಕುವ ಹಕ್ಕೂ ನಮ್ಮದೇ.